ಚಿತ್ರಣವೂ ಪ್ರಾತಿನಿಧ್ಯವೂ: ಕ್ಯಾಥಿ ಕೋಹೆನ್ ಅವರ ವಿಚಾರಸರಣಿಯ ವಿಮರ್ಶೆ

೧

ಇಂಗ್ಲಿಷಿನಲ್ಲಿ 'ರೆಪ್ರೆಸೆಂಟೇಷನ್' ಎಂಬ ಒಂದೇ ಶಬ್ದವು ಎರಡು ಅರ್ಥಗಳನ್ನು ಹೊತ್ತಿದೆ. ಶಾಸನಸಭೆಯಲ್ಲಿ ಒಬ್ಬರು ಹಲವರ ಪರವಾಗಿ ನಿಂತು ಮಾತನಾಡುವುದು ಒಂದು. ನಾಟಕದಲ್ಲಿ, ಚಲಚ್ಚಿತ್ರದಲ್ಲಿ, ವೃತ್ತಪತ್ರಿಕೆಯಲ್ಲಿ ಒಬ್ಬರ ರೂಪವನ್ನು ತಂದು ತೋರಿಸುವುದು ಇನ್ನೊಂದು. ಕನ್ನಡದಲ್ಲಿ ಮೊದಲನೆಯದಕ್ಕೆ ಪ್ರಾತಿನಿಧ್ಯವೆಂದೂ ಎರಡನೆಯದಕ್ಕೆ ಚಿತ್ರಣವೆಂದೂ ಬೇರೆ ಬೇರೆ ಹೆಸರುಗಳಿರುವುದರಿಂದ, ಒಂದು ರಾಜ್ಯಶಾಸ್ತ್ರಕ್ಕೂ ಮತ್ತೊಂದು ಸಾಹಿತ್ಯವಿಮರ್ಶೆಗೂ ಸೇರಿದುದೆಂದು ನಾವು ಸುಲಭವಾಗಿ ಹಂಚಿಬಿಡುತ್ತೇವೆ. ಈ ಹಂಚಿಕೆಯಿಂದ ಸ್ಪಷ್ಟತೆಯೇನೋ ಲಭಿಸುತ್ತದೆ. ಆದರೆ ಇವೆರಡೂ ಒಂದೇ ಕಾರ್ಯದ ಎರಡು ಮುಖಗಳಾಗಿರಬಹುದೆಂಬ ಸಂಶಯವು ತಲೆಯೆತ್ತುವುದಕ್ಕೆ ಅವಕಾಶವಿಲ್ಲದಂತಾಗುತ್ತದೆ.

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ರಾಜ್ಯಶಾಸ್ತ್ರಜ್ಞೆ, ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಬೋಧಿಸಿದ ಕ್ಯಾಥಿ ಕೋಹೆನ್ ಅವರು ತಮ್ಮ ಬರಹಗಳಲ್ಲಿ ಈ ಸಂಶಯವನ್ನು ಕೈಬಿಡದೆ ಹಿಡಿದು ಹೊರಟವರು. ಒಂದು ಸಮುದಾಯದ ಪರವಾಗಿ ಮಾತನಾಡುವ ಅಧಿಕಾರವುಳ್ಳವರೇ ಆ ಸಮುದಾಯದಲ್ಲಿ ಯಾರ ಮುಖವು ಲೋಕಕ್ಕೆ ಕಾಣಬೇಕು, ಯಾರದು ಮರೆಯಾಗಬೇಕು ಎಂಬುದನ್ನೂ ನಿರ್ಧರಿಸುತ್ತಾರೆ. ಹೀಗೆ ಮರೆಯಾದವರ ಕಷ್ಟವು ಬಳಿಕ ಸಮುದಾಯದ ಕಷ್ಟವೆಂದು ಗಣನೆಗೆ ಬರುವುದೇ ಇಲ್ಲ. ಅವರ ವಾದದ ಸಾರವು ಇದು. ೧೯೯೭ರ ಒಂದು ಪ್ರಬಂಧವನ್ನೂ ೧೯೯೯ರ ಒಂದು ಗ್ರಂಥವನ್ನೂ ಮುಂದಿಟ್ಟುಕೊಂಡು ಈ ವಾದದ ಬಲವೆಷ್ಟು, ಅದರ ಮೇರೆ ಎಲ್ಲಿ ಎಂಬುದನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಕೋಹೆನ್ ಅವರ ವಿಚಾರವು ಬೇರಿಲ್ಲದ ಬಳ್ಳಿಯಲ್ಲ. ಕಪ್ಪು ಸ್ತ್ರೀವಾದವೆಂಬ ನೆಲದಲ್ಲಿ ಅದು ಬೇರುಬಿಟ್ಟಿದೆ. ಆದುದರಿಂದ ಮೊದಲು ಆ ನೆಲದ ಪರಿಚಯವು ಅವಶ್ಯಕ.

೧೮೬೩ರಲ್ಲಿ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹ್ಯಾರಿಯೆಟ್ ಟಬ್‌ಮನ್ ಎಂಬ ಕಪ್ಪುಮಹಿಳೆಯು ದಕ್ಷಿಣ ಕ್ಯಾರೊಲೈನಾದ ಕಂಬಾಹೀ ನದಿಯ ಮೇಲೆ ಸೈನಿಕರಿಗೆ ದಾರಿ ತೋರಿಸಿ ೭೦೦ಕ್ಕಿಂತ ಹೆಚ್ಚು ಮಂದಿ ಗುಲಾಮರ ಬಿಡುಗಡೆಗೆ ಕಾರಣರಾದರು. ಆ ನದಿಯ ಹೆಸರನ್ನೇ ಇಟ್ಟುಕೊಂಡು ೧೯೭೪ರಲ್ಲಿ ಬಾಸ್ಟನ್ ನಗರದಲ್ಲಿ ಕಪ್ಪು ಸ್ತ್ರೀವಾದಿಗಳ ಒಂದು ಬಳಗವು ಕೂಡಿತು. ಅವರಲ್ಲಿ ಹಲವರು ಸಲಿಂಗಪ್ರೇಮಿಗಳು. ೧೯೭೭ರಲ್ಲಿ ಬಾರ್ಬರಾ ಸ್ಮಿತ್, ಬೆವರ್ಲಿ ಸ್ಮಿತ್, ಡೆಮಿಟಾ ಫ್ರೇಜ಼ಿಯರ್ ಎಂಬ ಮೂವರು ಬರೆದ ಆ ಬಳಗದ ಘೋಷಣಾಪತ್ರವು, ವರ್ಣ, ಲಿಂಗ, ವರ್ಗ, ಕಾಮಪ್ರವೃತ್ತಿ ಇವುಗಳ ಮೂಲಕ ಬರುವ ದಬ್ಬಾಳಿಕೆಗಳು ಒಂದರೊಳಗೊಂದು ಹೆಣೆದುಕೊಂಡಿರುವುವೆಂದೂ, ಅವುಗಳಲ್ಲಿ ಒಂದನ್ನು ಮಾತ್ರ ಬಿಡಿಸಿ ತೆಗೆಯಲಾಗದೆಂದೂ ಪ್ರತಿಪಾದಿಸಿತು.

೧೯೮೯ರಲ್ಲಿ ನ್ಯಾಯಶಾಸ್ತ್ರಜ್ಞೆ ಕಿಂಬರ್ಲೀ ಕ್ರೆನ್‌ಷಾ ಅವರು ಇದೇ ಮಾತನ್ನು ನ್ಯಾಯಾಲಯಗಳ ತೀರ್ಪುಗಳಿಂದ ಸಾಧಿಸಿ ತೋರಿಸಿದರು. ಜನರಲ್ ಮೋಟಾರ್ಸ್ ಸಂಸ್ಥೆಯ ಮೇಲೆ ಕಪ್ಪುಸ್ತ್ರೀಯರು ಹೂಡಿದ್ದ ದಾವೆಯಲ್ಲಿ, ಸಂಸ್ಥೆಯು ಸ್ತ್ರೀಯರನ್ನು ನೇಮಿಸಿಕೊಂಡಿದೆ, ಆದುದರಿಂದ ಲಿಂಗಭೇದವಿಲ್ಲವೆಂದು ನ್ಯಾಯಾಲಯವು ಎಣಿಸಿತು; ಆ ಸ್ತ್ರೀಯರು ಬಿಳಿಯರಾಗಿದ್ದರು. ವರ್ಣಭೇದದ ಪ್ರಶ್ನೆಯನ್ನು ಕಪ್ಪುಗಂಡಸರ ದಾವೆಯೊಡನೆ ಸೇರಿಸಿಕೊಳ್ಳಿರೆಂದು ಸೂಚಿಸಿತು. ಹೀಗೆ ಕಪ್ಪುಸ್ತ್ರೀಯು ಎರಡು ಪಟ್ಟಿಗಳಲ್ಲಿಯೂ ಸೇರಿ, ಎರಡರಲ್ಲಿಯೂ ಇಲ್ಲದವಳಾದಳು. ೧೯೯೦ರಲ್ಲಿ ಪೆಟ್ರೀಷಿಯಾ ಹಿಲ್ ಕಾಲಿನ್ಸ್ ಅವರು, ಕಪ್ಪುಸ್ತ್ರೀಯನ್ನು ಸೇವಕಿಯೆಂದೋ ಗಂಡುಬೀರಿಯೆಂದೋ ಸರಕಾರದ ಅನ್ನಕ್ಕೆ ಬಿದ್ದವಳೆಂದೋ ತೋರಿಸುವ ಸಿದ್ಧಚಿತ್ರಗಳು ಕೇವಲ ಅಪಮಾನಗಳಲ್ಲ, ಆಳ್ವಿಕೆಯ ಉಪಕರಣಗಳು ಎಂದು ವಿವರಿಸಿದರು. ಈ ಮೂರು ಸೂತ್ರಗಳನ್ನು ಚುನಾವಣೆ, ಸಂಘಸಂಸ್ಥೆ, ಪತ್ರಿಕೆ, ಸರಕಾರದ ಇಲಾಖೆ ಎಂಬ ರಾಜ್ಯಶಾಸ್ತ್ರದ ನಿತ್ಯದ ಸಾಮಗ್ರಿಯ ಮೇಲೆ ಪ್ರಯೋಗಿಸಿದುದೇ ಕೋಹೆನ್ ಅವರ ವೈಶಿಷ್ಟ್ಯ.

೩

೧೯೯೯ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಮುದ್ರಣಾಲಯವು ಪ್ರಕಟಿಸಿದ 'ದ ಬೌಂಡರೀಸ್ ಆಫ್ ಬ್ಲ್ಯಾಕ್‌ನೆಸ್' ಎಂಬ ಗ್ರಂಥದ ವಿಷಯವು ಏಡ್ಸ್ ರೋಗವೂ ಕಪ್ಪುಜನರ ರಾಜಕಾರಣವೂ ಆಗಿದೆ. ಈ ರೋಗದ ವಾರ್ತೆಯು ಲೋಕಕ್ಕೆ ತಿಳಿದ ಬಗೆಯನ್ನು ಇಲ್ಲಿ ನೆನೆಯಬೇಕು. ೧೯೮೧ರ ಜೂನ್ ೫ರಂದು ಅಮೆರಿಕದ ರೋಗನಿಯಂತ್ರಣ ಕೇಂದ್ರದ ವಾರದ ವರದಿಯು ಲಾಸ್ ಏಂಜಲೀಸಿನ ೫ ಮಂದಿ ಯುವಕರಲ್ಲಿ ಕಂಡ ಅಪೂರ್ವವಾದ ಶ್ವಾಸಕೋಶರೋಗವನ್ನು ಪ್ರಕಟಿಸಿತು. ಜುಲೈ ೩ರಂದು 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯು ೪೧ ಮಂದಿ ಸಲಿಂಗಪ್ರೇಮಿಗಳಲ್ಲಿ ಅಪರೂಪದ ಒಂದು ಅರ್ಬುದವು ಕಾಣಿಸಿಕೊಂಡಿತೆಂದು ಬರೆಯಿತು. ಅಂದಿನಿಂದ ಜನರ ಮನಸ್ಸಿನಲ್ಲಿ ರೋಗಿಯೆಂದರೆ ಬಿಳಿಯ ಸಲಿಂಗಪ್ರೇಮಿಯೆಂಬ ಚಿತ್ರವು ನಿಂತುಹೋಯಿತು. ಆದರೆ ೧೯೮೬ರ ಅಕ್ಟೋಬರಿನಲ್ಲಿ ಅದೇ ಕೇಂದ್ರವು ಪ್ರಕಟಿಸಿದ ಲೆಕ್ಕದ ಪ್ರಕಾರ, ದೇಶದ ಜನಸಂಖ್ಯೆಯಲ್ಲಿ ಶೇಕಡ ೧೨ರಷ್ಟಿದ್ದ ಕಪ್ಪುಜನರು ರೋಗಿಗಳಲ್ಲಿ ಶೇಕಡ ೨೫ರಷ್ಟಿದ್ದರು. ಅಂಕಿಗಳು ಒಂದನ್ನು ಹೇಳುತ್ತಿದ್ದುವು, ಚಿತ್ರವು ಇನ್ನೊಂದನ್ನು ತೋರಿಸುತ್ತಿತ್ತು.

ಇದಿಷ್ಟೇ ಆಗಿದ್ದರೆ ಬಿಳಿಯರ ಪತ್ರಿಕೆಗಳು ಕಪ್ಪುಜನರನ್ನು ಉಪೇಕ್ಷಿಸಿದುವೆಂಬ ಹಳೆಯ ದೂರಿಗೆ ಇನ್ನೊಂದು ಉದಾಹರಣೆಯು ಸೇರಿದಂತಾಗುತ್ತಿತ್ತು. ಗ್ರಂಥಕರ್ತ್ರಿಯು ಅಲ್ಲಿಗೆ ನಿಲ್ಲದೆ ಮುಂದಿನ ಪ್ರಶ್ನೆಯನ್ನು ಕೇಳುತ್ತಾರೆ: ವರ್ಣಭೇದದ ವಿರುದ್ಧ ದಶಕಗಳ ಕಾಲ ಹೋರಾಡಿದ ಕಪ್ಪುಜನರ ಸಂಘಗಳೂ ಧರ್ಮಗುರುಗಳೂ ಪತ್ರಿಕೆಗಳೂ ಶಾಸನಸಭೆಯ ಸದಸ್ಯರೂ ತಮ್ಮ ಜನರೇ ಸಾಯುತ್ತಿರುವಾಗ ಏಕೆ ತಡಮಾಡಿದರು? ಬಡತನ, ಹಣದ ಅಭಾವ, ಬೇರೆ ಕೆಲಸಗಳ ಒತ್ತಡ ಎಂಬ ಉತ್ತರಗಳನ್ನು ಅವರು ತೂಗಿನೋಡುತ್ತಾರೆ. ಆದರೆ ಅವು ಸಾಲವೆಂಬುದು ಅವರ ನಿರ್ಣಯ. ರೋಗಪೀಡಿತರು ಸಲಿಂಗಪ್ರೇಮಿಗಳೆಂದೂ, ಸೂಜಿಯಿಂದ ಮಾದಕದ್ರವ್ಯ ಸೇವಿಸುವವರೆಂದೂ ತಿಳಿದುದರಿಂದ, ಅವರನ್ನು ನಮ್ಮವರೆಂದು ಒಪ್ಪಿಕೊಂಡರೆ ಸಮುದಾಯದ ಮಾನಕ್ಕೆ ಕುಂದು ಬರುವುದೆಂಬ ಅಂಜಿಕೆಯೇ ನಿಜವಾದ ಕಾರಣವೆಂದು ಅವರು ಸಾಧಿಸುತ್ತಾರೆ.

ಈ ಕ್ರಿಯೆಗೆ ಗ್ರಂಥದಲ್ಲಿ ಕೊಟ್ಟಿರುವ ಹೆಸರನ್ನು ಕನ್ನಡದಲ್ಲಿ 'ಒಳಬಹಿಷ್ಕಾರ' ಎನ್ನಬಹುದು. ಹೊರಗಿನವರಿಂದ ಬಹಿಷ್ಕೃತವಾದ ಸಮುದಾಯವೇ ತನ್ನೊಳಗಿನ ಕೆಲವರನ್ನು ಮತ್ತೊಮ್ಮೆ ಹೊರಗಿಡುವುದು ಇದರ ಲಕ್ಷಣ. ಸಮುದಾಯದ ಸಮಸ್ಯೆಗಳಲ್ಲಿ ಸರ್ವಸಮ್ಮತವಾದುವು, ಸಮುದಾಯವನ್ನೇ ಅಡ್ಡವಾಗಿ ಸೀಳುವಂಥವು ಎಂಬ ಎರಡು ಬಗೆಗಳನ್ನು ಅವರು ವಿಂಗಡಿಸುತ್ತಾರೆ. ಮತದಾನದ ಹಕ್ಕು ಮೊದಲನೆಯ ಬಗೆ. ಏಡ್ಸ್ ಎರಡನೆಯ ಬಗೆ. ಅವರಿಗಿಂತ ಮೊದಲು, ೧೯೯೪ರಲ್ಲಿ, ರಾಜ್ಯಶಾಸ್ತ್ರಜ್ಞ ಮೈಕೇಲ್ ಡಾಸನ್ ಅವರು, ತನ್ನ ಭಾಗ್ಯವು ತನ್ನ ಜನರ ಭಾಗ್ಯದೊಡನೆ ಕೂಡಿಕೊಂಡಿದೆಯೆಂಬ ಭಾವನೆಯೇ ಕಪ್ಪು ಮತದಾರರ ಒಗ್ಗಟ್ಟಿಗೆ ಆಧಾರವೆಂದು ಪ್ರತಿಪಾದಿಸಿದ್ದರು. ಕೋಹೆನ್ ಅವರು ಆ ಸಿದ್ಧಾಂತವನ್ನು ಅಲ್ಲಗಳೆಯುವುದಿಲ್ಲ. ಎಲ್ಲರ ಭಾಗ್ಯವೂ ಸಮನಾಗಿ ಕೂಡಿಕೊಂಡಿದೆಯೆ ಎಂದು ಕೇಳುತ್ತಾರೆ. ಈ ಒಂದು ಪ್ರಶ್ನೆಯಿಂದ ಒಗ್ಗಟ್ಟೆಂಬ ಪದದೊಳಗೆ ಅಡಗಿದ್ದ ತಾರತಮ್ಯವು ಹೊರಬೀಳುತ್ತದೆ.

ಪತ್ರಿಕೆಗಳನ್ನೂ ದೂರದರ್ಶನದ ವಾರ್ತೆಗಳನ್ನೂ ಕುರಿತ ಅಧ್ಯಾಯಗಳು ಈ ಗ್ರಂಥದ ಹೃದಯಭಾಗವೆನ್ನಬಹುದು. ೧೯೯೧ರ ನವೆಂಬರ್ ೭ರಂದು ಕ್ರೀಡಾಪಟು ಮ್ಯಾಜಿಕ್ ಜಾನ್ಸನ್ ಅವರು ತಮಗೆ ಎಚ್‌.ಐ.ವಿ. ಸೋಂಕು ತಗುಲಿದೆಯೆಂದು ಪ್ರಕಟಿಸಿದರು. ೧೯೯೨ರ ಏಪ್ರಿಲಿನಲ್ಲಿ ಟೆನಿಸ್ ಆಟಗಾರ ಆರ್ಥರ್ ಆ್ಯಷ್ ಅವರು, ಹೃದಯದ ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಪಡೆದ ರಕ್ತದಿಂದ ತಮಗೆ ರೋಗವು ಬಂದಿತೆಂದು ತಿಳಿಸಿದರು. ಇವರಿಬ್ಬರಿಂದ ಪತ್ರಿಕೆಗಳ ಬಾಗಿಲು ತೆರೆಯಿತು. ಆದರೆ ಇಬ್ಬರೂ ಕೀರ್ತಿವಂತರು, ವಿವಾಹಿತರು, ಧನಿಕರು. ಹತ್ತು ವರ್ಷಗಳಿಂದ ಸಾಯುತ್ತಿದ್ದವರಿಗೆ ತೆರೆಯದ ಬಾಗಿಲು ಇವರಿಗೆ ಏಕೆ ತೆರೆಯಿತೆಂಬುದನ್ನು ವಿವರಿಸುವ ಕೋಹೆನ್ ಅವರ ಪುಟಗಳು ಅತ್ಯಂತ ಬೆಲೆಯುಳ್ಳವು. ಕರುಣೆಗೆ ಪಾತ್ರನಾದ ರೋಗಿಯೊಬ್ಬನು ಕಾಣಿಸಿಕೊಂಡಾಗ ಕರುಣೆಗೆ ಅಪಾತ್ರರೆನಿಸಿದವರು ಇನ್ನಷ್ಟು ಹಿಂದಕ್ಕೆ ಸರಿದರು. ಕಾಣಿಸಿಕೊಳ್ಳುವಿಕೆಯು ತಾನಾಗಿಯೇ ವಿಮೋಚನೆಯಲ್ಲವೆಂಬ ಪಾಠವು ಇಲ್ಲಿ ಉಪದೇಶವಾಗಿ ಬರದೆ ಸಾಕ್ಷ್ಯವಾಗಿ ಬರುತ್ತದೆ.

೪

ಗ್ರಂಥಕ್ಕಿಂತ ಎರಡು ವರ್ಷ ಮೊದಲು ಪ್ರಕಟವಾದ ಪ್ರಬಂಧದ ಹೆಸರು 'ಪಂಕ್ಸ್, ಬುಲ್‌ಡ್ಯಾಗರ್ಸ್ ಅಂಡ್ ವೆಲ್‌ಫೇರ್ ಕ್ವೀನ್ಸ್'. ಮೂರೂ ಬೈಗುಳಗಳು. ಮೊದಲನೆಯದು ಹೆಣ್ಣಿಗನೆಂದು ಹಳಿಯಲ್ಪಡುವ ಗಂಡಸಿಗೆ, ಎರಡನೆಯದು ಗಂಡುರೀತಿಯ ಸಲಿಂಗಪ್ರೇಮಿ ಸ್ತ್ರೀಗೆ, ಮೂರನೆಯದು ಸರಕಾರದ ಸಹಾಯಧನದಿಂದ ಮಕ್ಕಳನ್ನು ಸಾಕುವ ಬಡತಾಯಿಗೆ ಅಂಟಿಸಿದ ಹೆಸರು. ಮೊದಲಿನ ಇಬ್ಬರೊಡನೆ ಮೂರನೆಯವಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದುದೇ ಪ್ರಬಂಧದ ಸಾಹಸ. ಆ ಕಾಲದ 'ಕ್ವಿಯರ್' ರಾಜಕಾರಣವು ಲೋಕವನ್ನು ಭಿನ್ನಲಿಂಗಪ್ರೇಮಿಗಳು ಮತ್ತು ಉಳಿದವರು ಎಂದು ಎರಡಾಗಿ ಸೀಳಿ, ಮೊದಲಿನವರೆಲ್ಲರೂ ಅಧಿಕಾರವುಳ್ಳವರೆಂದು ಭಾವಿಸಿತೆಂಬುದು ಕೋಹೆನ್ ಅವರ ಆಕ್ಷೇಪಣೆ. ಬಡತಾಯಿಯು ಪುರುಷನನ್ನೇ ಪ್ರೀತಿಸಿದ್ದರೂ ಗಂಡ, ಹೆಂಡತಿ, ಮನೆ, ಸಂಪಾದನೆ ಎಂಬ ಪ್ರಮಾಣಕುಟುಂಬದ ಹೊರಗಿರುವಳು; ರಾಜ್ಯವು ಅವಳ ಗರ್ಭವನ್ನೂ ಅಡಿಗೆಮನೆಯನ್ನೂ ತನ್ನ ವಿಚಾರಣೆಗೆ ಒಳಪಡಿಸುವುದು. ಆದುದರಿಂದ ಯಾರು ಯಾರನ್ನು ಪ್ರೀತಿಸುತ್ತಾರೆಂಬುದನ್ನಲ್ಲ, ಅಧಿಕಾರದೊಡನೆ ಯಾರ ಸಂಬಂಧ ಎಂಥದೆಂಬುದನ್ನು ನೋಡಿ ಮೈತ್ರಿಯನ್ನು ಕಟ್ಟಬೇಕೆಂದು ಅವರು ವಾದಿಸುತ್ತಾರೆ.

ಈ ವಾದಕ್ಕೆ ಇತಿಹಾಸದ ಆಧಾರವು ದೃಢವಾಗಿದೆ. ದಾಸ್ಯದ ಕಾಲದಲ್ಲಿ ಗುಲಾಮರ ವಿವಾಹಕ್ಕೆ ಕಾನೂನಿನ ಮನ್ನಣೆಯಿರಲಿಲ್ಲ. ಬಿಳಿಯರಿಗೂ ಕಪ್ಪುಜನರಿಗೂ ನಡೆಯುವ ವಿವಾಹವನ್ನು ನಿಷೇಧಿಸಿದ್ದ ರಾಜ್ಯಗಳ ಕಾನೂನುಗಳು ೧೯೬೭ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನವರೆಗೂ ಉಳಿದಿದ್ದುವು. ಹೀಗೆ ವಿವಾಹವನ್ನು ಮುರಿದವರೇ ಮುಂದೆ ವಿವಾಹವಿಲ್ಲದುದನ್ನು ದೋಷವೆಂದು ಎಣಿಸಿದರು. ೧೯೬೫ರಲ್ಲಿ ಕಾರ್ಮಿಕ ಇಲಾಖೆಗಾಗಿ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹನ್ ಅವರು ಬರೆದ ವರದಿಯು ಕಪ್ಪುಜನರ ದುಃಸ್ಥಿತಿಯ ಕೇಂದ್ರವನ್ನು ತಾಯಿಯೇ ಯಜಮಾನಿಯಾದ ಕುಟುಂಬದಲ್ಲಿ ಕಂಡಿತು. ೧೯೭೪ರಲ್ಲಿ 'ಶಿಕಾಗೋ ಟ್ರಿಬ್ಯೂನ್' ಪತ್ರಿಕೆಯು ಅನೇಕ ಹೆಸರುಗಳಿಂದ ಸಹಾಯಧನವನ್ನು ಪಡೆದ ಒಬ್ಬ ವಂಚಕಿಯ ವೃತ್ತಾಂತವನ್ನು ಬಿತ್ತರಿಸಿತು. ೧೯೭೬ರ ಚುನಾವಣಾ ಭಾಷಣಗಳಲ್ಲಿ ರೊನಾಲ್ಡ್ ರೇಗನ್ ಅವರು ಆ ಒಂದು ಕಥೆಯನ್ನು ಊರೂರಿಗೂ ಒಯ್ದರು. ಒಬ್ಬಳ ಅಪರಾಧವು ಲಕ್ಷಾಂತರ ತಾಯಂದಿರ ಮುಖವಾಯಿತು.

ಆ ಮುಖದ ಫಲವನ್ನು ೧೯೯೬ರಲ್ಲಿ ನೋಡಬಹುದು. ಆ ವರ್ಷದ ಆಗಸ್ಟ್ ೨೨ರಂದು ಅಧ್ಯಕ್ಷ ಕ್ಲಿಂಟನ್ ಅವರು ಸಹಿ ಹಾಕಿದ ಕಾಯಿದೆಯು ಬಡಕುಟುಂಬಗಳ ಹಳೆಯ ಸಹಾಯಧನವನ್ನು ರದ್ದುಮಾಡಿ, ಕೇಂದ್ರ ಸರಕಾರದ ಹಣದಿಂದ ಬರುವ ನೆರವಿಗೆ ಒಟ್ಟು ೫ ವರ್ಷಗಳ ಮಿತಿಯನ್ನು ವಿಧಿಸಿತು. ಬಡತನವನ್ನು ಕುರಿತ ಆ ಕಾಯಿದೆಯ ಪೀಠಿಕೆಯು ವಿವಾಹದ ಮಹಿಮೆಯಿಂದ ಆರಂಭವಾಗುವುದನ್ನು ವಾಚಕರು ಗಮನಿಸಬೇಕು. ಒಂದು ತಿಂಗಳಾಗುವಷ್ಟರಲ್ಲಿ, ಸೆಪ್ಟೆಂಬರ್ ೨೧ರಂದು, ಅದೇ ಅಧ್ಯಕ್ಷರು ವಿವಾಹವು ಒಬ್ಬ ಪುರುಷನಿಗೂ ಒಬ್ಬ ಸ್ತ್ರೀಗೂ ಮಾತ್ರವೆಂದು ವಿಧಿಸುವ ಇನ್ನೊಂದು ಕಾಯಿದೆಗೆ ಸಹಿ ಹಾಕಿದರು. ಎರಡು ಕಾಯಿದೆಗಳಿಗೂ ಒಂದೇ ಕುಟುಂಬದ ಚಿತ್ರವು ಪ್ರಮಾಣ. ಒಂದು ಬಡತಾಯಿಯನ್ನು ಶಿಕ್ಷಿಸಿತು, ಇನ್ನೊಂದು ಸಲಿಂಗದಂಪತಿಗಳನ್ನು ತಡೆಯಿತು.

ಮುಂದಿನ ಚರಿತ್ರೆಯೇ ಈ ಪ್ರಬಂಧಕ್ಕೆ ಅತ್ಯುತ್ತಮವಾದ ಭಾಷ್ಯವೆಂದು ನಮ್ಮ ಅಭಿಪ್ರಾಯ. ಎರಡನೆಯ ಕಾಯಿದೆಯ ಮುಖ್ಯಭಾಗವನ್ನು ೨೦೧೩ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಸಿಂಧುಗೊಳಿಸಿತು. ೨೦೧೫ರಲ್ಲಿ ಸಲಿಂಗವಿವಾಹವು ದೇಶದಾದ್ಯಂತ ಮಾನ್ಯವಾಯಿತು. ೨೦೨೨ರಲ್ಲಿ ಆ ಕಾಯಿದೆಯನ್ನೇ ಶಾಸನಸಭೆಯು ರದ್ದುಗೊಳಿಸಿತು. ಮೊದಲನೆಯ ಕಾಯಿದೆಯ ವ್ಯವಸ್ಥೆಯು ಇಂದಿಗೂ ನಿಂತಿದೆ. ಪ್ರೇಮಿಸಿ ವಿವಾಹವನ್ನು ಬೇಡುವ ದಂಪತಿಗಳ ಸೌಮ್ಯಚಿತ್ರವು ಜನಮನವನ್ನು ಗೆದ್ದಿತು. ವಿವಾಹದ ಹೊರಗೆ ಮಕ್ಕಳನ್ನು ಸಾಕುವವಳ ಚಿತ್ರವು ಬದಲಾಗಲಿಲ್ಲ. ಇಬ್ಬರ ಶತ್ರುವೂ ಒಂದೇ ಆಗಿದ್ದರೂ ಗೆಲವು ಒಬ್ಬರದಾಯಿತು. ೧೯೯೭ರಲ್ಲಿ ಕೋಹೆನ್ ಅವರು ಪ್ರಬಂಧದ ಉಪಶೀರ್ಷಿಕೆಯ ಕೊನೆಯಲ್ಲಿ ಇಟ್ಟ ಪ್ರಶ್ನಾರ್ಥಕ ಚಿಹ್ನೆಗೆ ಕಾಲವು ಕೊಟ್ಟ ಉತ್ತರವಿದು.

೫

ಇಷ್ಟು ಗುಣಗಳನ್ನು ಒಪ್ಪಿಕೊಂಡ ಮೇಲೆ ಮೇರೆಗಳನ್ನೂ ಸೂಚಿಸುವುದು ವಿಮರ್ಶಕನ ಧರ್ಮ.

ಮೊದಲನೆಯದು ವಿಧಾನದ ಪ್ರಶ್ನೆ. ೧೯೯೯ರ ಗ್ರಂಥವು ಪತ್ರಿಕೆಗಳನ್ನು ಮುಖ್ಯವಾಗಿ ವಿಷಯಗಣನೆಯಿಂದ ಓದುತ್ತದೆ: ಯಾರನ್ನು ಕುರಿತು ಎಷ್ಟು ವರದಿಗಳು, ಅವು ಯಾವ ವಿಷಯಗಳನ್ನು ಎತ್ತಿದುವು ಎಂಬುದನ್ನು ಎಣಿಸುತ್ತದೆ. ಅಚ್ಚಾದುದನ್ನು ಎಣಿಸಬಹುದು, ಎಂದೂ ದಾಖಲೆಯಾಗದೆ ಹೋದುದನ್ನು ಎಣಿಸುವುದು ಹೇಗೆ? ಈ ಕಷ್ಟವನ್ನು ಕಲೆಯು ಬೇರೆ ರೀತಿಯಲ್ಲಿ ಎದುರಿಸಿದೆ. ೧೯೯೬ರಲ್ಲಿ ಷೆರಿಲ್ ಡ್ಯುನ್ಯೇ ಅವರು ನಿರ್ದೇಶಿಸಿದ 'ದ ವಾಟರ್‌ಮೆಲನ್ ವುಮನ್' ಚಿತ್ರದಲ್ಲಿ, ಫಿಲಡೆಲ್ಫಿಯಾದ ವೀಡಿಯೊ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಕಪ್ಪುಯುವತಿಯು ೧೯೩೦ರ ದಶಕದ ಚಿತ್ರಗಳಲ್ಲಿ ಸೇವಕಿಯ ಪಾತ್ರವಹಿಸಿದ ನಟಿಯೊಬ್ಬಳ ಬಾಳನ್ನು ಹುಡುಕುತ್ತಾಳೆ. ನಟಿಯ ನಿಜವಾದ ಹೆಸರೂ ಚಿತ್ರಪಟದಲ್ಲಿಲ್ಲ. ಕಲ್ಲಂಗಡಿ ಹೆಂಗಸೆಂಬ ಅಪಹಾಸ್ಯದ ಹೆಸರು ಮಾತ್ರ ಇದೆ. ಕೊನೆಯಲ್ಲಿ ಆ ನಟಿಯೂ ಅವಳ ಭಾವಚಿತ್ರಗಳೂ ಕಲ್ಪಿತವೆಂದು ಚಿತ್ರವೇ ತಿಳಿಸುತ್ತದೆ. ಇಲ್ಲದ ದಾಖಲೆಯನ್ನು ಕಲ್ಪಿಸಿ, ಅದು ಇಲ್ಲವೆಂಬುದನ್ನೇ ಸಾಕ್ಷ್ಯವನ್ನಾಗಿ ಮಾಡುವ ಈ ಉಪಾಯವು ಗಣನೆಗೆ ನಿಲುಕದು.

ಎರಡನೆಯದು ಚಿತ್ರವನ್ನು ನೋಡುವವರ ಪ್ರಶ್ನೆ. ಮಾರ್ಲನ್ ರಿಗ್ಸ್ ಅವರ 'ಟಂಗ್ಸ್ ಅನ್‌ಟೈಡ್' (೧೯೮೯) ಎಂಬ ಚಿತ್ರವು ಕಪ್ಪು ಸಲಿಂಗಪ್ರೇಮಿ ಪುರುಷರು ತಮ್ಮ ಮಾತಿನಲ್ಲಿಯೇ ತಮ್ಮನ್ನು ಹೇಳಿಕೊಂಡ ಕೃತಿ. ೧೯೯೧ರಲ್ಲಿ ಸಾರ್ವಜನಿಕ ದೂರದರ್ಶನದಲ್ಲಿ ಅದರ ಪ್ರಸಾರವು ನಿಶ್ಚಯವಾದಾಗ ಅನೇಕ ಕೇಂದ್ರಗಳು ನಿರಾಕರಿಸಿದುವು. ೧೯೯೨ರಲ್ಲಿ ಪ್ಯಾಟ್ ಬ್ಯುಕ್ಯಾನನ್ ಅವರ ಚುನಾವಣಾ ಜಾಹೀರಾತು ಅದರ ತುಣುಕುಗಳನ್ನೇ ತೆಗೆದು ಅಧ್ಯಕ್ಷ ಬುಷ್ ಅವರ ವಿರುದ್ಧ ಆಯುಧವಾಗಿ ಬಳಸಿತು. ಅದೇ ಚಿತ್ರ, ಅದೇ ಮುಖಗಳು. ತೋರಿಸುವ ಕೈ ಬದಲಾದೊಡನೆ ಅರ್ಥವು ತಲೆಕೆಳಗಾಯಿತು. ಅಚ್ಚಾದ ವರದಿಯಿಂದ ಓದುಗನ ಮನಸ್ಸಿಗೆ ನೇರವಾದ ದಾರಿಯಿದೆಯೆಂದು ಗ್ರಂಥವು ಕೆಲವೆಡೆ ಭಾವಿಸಿದಂತೆ ತೋರುವುದರಿಂದ ಈ ಎಚ್ಚರಿಕೆಯು ಸಲ್ಲುತ್ತದೆ.

ಮೂರನೆಯದು 'ಕ್ವಿಯರ್' ಶಬ್ದದ ವ್ಯಾಪ್ತಿ. ಅಧಿಕಾರದಿಂದ ದೂರವಾದವರೆಲ್ಲರನ್ನೂ ಆ ಶಬ್ದದ ನೆರಳಿಗೆ ಕರೆದರೆ, ಸಲಿಂಗಪ್ರೇಮಕ್ಕೆ ವಿಶಿಷ್ಟವಾದ ಕಷ್ಟಗಳು ಕರಗಿಹೋಗುವುದಿಲ್ಲವೆ ಎಂದು ಕೇಳಬಹುದು. ಬಡತಾಯಿಯು ತನ್ನನ್ನು ಆ ಹೆಸರಿನಿಂದ ಕರೆದುಕೊಳ್ಳುವಳೆ ಎಂಬುದು ಇನ್ನೂ ದೊಡ್ಡ ಪ್ರಶ್ನೆ; ಅವಳ ಸಹೋದರನನ್ನು ಚರ್ಚಿನಿಂದ ಹೊರಗಟ್ಟಿದವರ ಸಾಲಿನಲ್ಲಿ ಅವಳೂ ಇದ್ದಿರಬಹುದು. ಒಳಬಹಿಷ್ಕಾರವನ್ನು ಇಷ್ಟು ಸೂಕ್ಷ್ಮವಾಗಿ ಕಂಡವರು, ಬಹಿಷ್ಕೃತರು ಪರಸ್ಪರ ಮಾಡುವ ಬಹಿಷ್ಕಾರವನ್ನು ಮೈತ್ರಿಯ ಭರವಸೆಯಲ್ಲಿ ಸ್ವಲ್ಪ ಬೇಗನೆ ದಾಟಿಬಿಟ್ಟಿದ್ದಾರೆ.

ಆದರೆ ಇದೇ ಜೋಡಣೆಯು ವಿಮರ್ಶೆಗೆ ಎಷ್ಟು ಹರಿತವಾದ ಉಪಕರಣವೆಂಬುದನ್ನು 'ಮೂನ್‌ಲೈಟ್' ಚಿತ್ರದಿಂದ ಪರೀಕ್ಷಿಸಬಹುದು. ಬ್ಯಾರಿ ಜೆಂಕಿನ್ಸ್ ನಿರ್ದೇಶಿಸಿದ ಈ ೨೦೧೬ರ ಚಿತ್ರವು ಮಯಾಮಿಯ ಬಡಕೇರಿಯಲ್ಲಿ ಬೆಳೆದ, ಪುರುಷನನ್ನು ಪ್ರೀತಿಸುವ ಕಪ್ಪುಹುಡುಗನೊಬ್ಬನ ಬಾಳನ್ನು ಮೂರು ಭಾಗಗಳಲ್ಲಿ ಹೇಳುತ್ತದೆ. ೨೦೧೭ರಲ್ಲಿ ಶ್ರೇಷ್ಠ ಚಿತ್ರವೆಂದು ಆಸ್ಕರ್ ಪ್ರಶಸ್ತಿಯನ್ನು ಪಡೆಯಿತು. ಹುಡುಗನನ್ನು ಚಿತ್ರವು ತೋರಿಸುವ ರೀತಿಯಲ್ಲಿ ಅಪಾರವಾದ ಮಾರ್ದವವಿದೆ. ಕೋಹೆನ್ ಅವರ ಪ್ರಬಂಧವನ್ನು ಓದಿದವರ ಕಣ್ಣು ಮಾತ್ರ ಅದೇ ಮನೆಯಲ್ಲಿರುವ ಇನ್ನೊಬ್ಬಳ ಮೇಲೆ ನಿಲ್ಲುತ್ತದೆ: ಮಾದಕದ್ರವ್ಯಕ್ಕೆ ಬಲಿಯಾದ ಒಂಟಿತಾಯಿ ಪೌಲಾ. ಹಳಿಯಲ್ಪಟ್ಟ ಗಂಡುಹುಡುಗನೂ ಹಳಿಯಲ್ಪಟ್ಟ ತಾಯಿಯೂ ಒಂದೇ ಸೂರಿನ ಕೆಳಗಿರುವರು. ನಿರ್ದೇಶಕರೂ ಮೂಲನಾಟಕವನ್ನು ಬರೆದ ಟರೆಲ್ ಆಲ್ವಿನ್ ಮೆಕ್ರೇನಿ ಅವರೂ ತಮ್ಮ ತಾಯಂದಿರ ಬಾಳಿನಿಂದಲೇ ಈ ಪಾತ್ರವನ್ನು ತೆಗೆದುಕೊಂಡವರಾದುದರಿಂದ ಇದು ಹೊರಗಿನವರ ಅಪವಾದವೆನ್ನಲಾಗದು. ಕೊನೆಯ ಭಾಗದಲ್ಲಿ ಅವಳಿಗೆ ಪಶ್ಚಾತ್ತಾಪದ ಮಾತೂ ಮಗನ ಕ್ಷಮೆಯೂ ದೊರೆಯುತ್ತವೆ. ಆದರೂ ಹುಡುಗನ ಮೌನಕ್ಕೆ ಕಾರಣಗಳನ್ನು ಕಾಣುವ ಚಿತ್ರವು ತಾಯಿಯ ಪತನಕ್ಕೆ ಕಾರಣಗಳನ್ನು ಅಷ್ಟಾಗಿ ಕಾಣುವುದಿಲ್ಲ. ಅವಳಿಗೆ ದೊರೆತುದು ಕ್ಷಮೆ. ಅವನಿಗೆ ದೊರೆತುದು ತಿಳಿವಳಿಕೆ. ಕ್ಷಮೆಗೆ ಅಪರಾಧಿಯು ಬೇಕು, ತಿಳಿವಳಿಕೆಗೆ ಬೇಡ. ಇಷ್ಟು ಉದಾತ್ತವಾದ ಕೃತಿಯಲ್ಲಿಯೂ ಒಬ್ಬರ ಬೆಳಕು ಇನ್ನೊಬ್ಬರ ನೆರಳಿನಲ್ಲಿ ನಿಂತಿದೆಯೆಂದು ಕಾಣಿಸಿಕೊಡುವ ಸಿದ್ಧಾಂತವು ನಿಜವಾಗಿಯೂ ಫಲವತ್ತಾದುದು.

೬

ಗ್ರಂಥವು ಪ್ರಕಟವಾಗಿ ಇಪ್ಪತ್ತೈದು ವರ್ಷಗಳು ಕಳೆದಿವೆ. ಈ ನಡುವೆ ಕಪ್ಪು ಕ್ವಿಯರ್ ಜನರ ಚಿತ್ರಣವು ಹೆಚ್ಚಿದೆ. ೨೦೧೮ರಿಂದ ೨೦೨೧ರವರೆಗೆ ನಡೆದ 'ಪೋಜ್' ಧಾರಾವಾಹಿಯು ನ್ಯೂಯಾರ್ಕಿನ ಕಪ್ಪು ಮತ್ತು ಲ್ಯಾಟಿನೋ ರೂಪಾಂತರ ಸ್ತ್ರೀಯರ ಬಾಳನ್ನು ಮನೆಮನೆಗೆ ತಂದಿತು. ೨೦೧೩ರಲ್ಲಿ 'ಬ್ಲ್ಯಾಕ್ ಲೈವ್ಸ್ ಮ್ಯಾಟರ್' ಎಂಬ ಘೋಷಣೆಯನ್ನು ಆರಂಭಿಸಿದ ಮೂವರೂ ಸ್ತ್ರೀಯರು. ಅವರಲ್ಲಿ ಇಬ್ಬರು ತಮ್ಮನ್ನು ಕ್ವಿಯರ್ ಎಂದು ಕರೆದುಕೊಂಡವರು. ಆದರೂ ಪೋಲೀಸರಿಂದ ಹತರಾದ ಕಪ್ಪುಸ್ತ್ರೀಯರ ಹೆಸರುಗಳನ್ನು ಜನರು ನೆನೆಯುವಂತೆ ಮಾಡುವುದಕ್ಕೆ ೨೦೧೪ರಲ್ಲಿ ಪ್ರತ್ಯೇಕವಾದ ಚಳವಳಿಯೇ ಬೇಕಾಯಿತು. ೨೦೧೯ರಲ್ಲಿ ಅಮೆರಿಕದಲ್ಲಿ ಹೊಸದಾಗಿ ಎಚ್‌.ಐ.ವಿ. ಸೋಂಕು ಪತ್ತೆಯಾದವರಲ್ಲಿ ಕಪ್ಪುಜನರು ಸುಮಾರು ಶೇಕಡ ೪೦ರಷ್ಟಿದ್ದರು. ಚಿತ್ರಗಳು ಹೆಚ್ಚಿದ ವೇಗದಲ್ಲಿ ಸಾವುನೋವುಗಳು ತಗ್ಗಲಿಲ್ಲ. ಕಾಣುವುದಕ್ಕೂ ಗಣನೆಗೆ ಬರುವುದಕ್ಕೂ ಇರುವ ಅಂತರವನ್ನು ಈ ಅಂಕಿಯು ಅಳೆಯುತ್ತದೆ.

ನಮ್ಮ ಭಾಷೆಯಲ್ಲಿ ಎರಡಾಗಿರುವ ಶಬ್ದಗಳನ್ನು ಒಂದುಮಾಡಬೇಕೆಂದು ನಾವು ಹೇಳುವುದಿಲ್ಲ; ಅವು ಎರಡಾಗಿರುವುದು ವಿಚಾರಕ್ಕೆ ಸಹಾಯಕವೇ. ಆದರೆ ಚಿತ್ರಣವೆಂಬ ಮಾತನ್ನು ಬಳಸಿದಾಗಲೆಲ್ಲ ಈ ಚಿತ್ರವು ಯಾರ ಪರವಾಗಿ ಮಾತನಾಡುವ ಅಧಿಕಾರವನ್ನು ಯಾರಿಗೆ ಕೊಟ್ಟಿತೆಂದೂ, ಪ್ರಾತಿನಿಧ್ಯವೆಂಬ ಮಾತನ್ನು ಬಳಸಿದಾಗಲೆಲ್ಲ ಈ ಪ್ರತಿನಿಧಿಯು ಯಾರ ಮುಖವನ್ನು ಮರೆಮಾಡಿ ನಿಂತಿರುವನೆಂದೂ ಕೇಳುವ ಅಭ್ಯಾಸವು ವಿಮರ್ಶಕರಿಗೂ ರಾಜ್ಯಶಾಸ್ತ್ರಜ್ಞರಿಗೂ ಬರಬೇಕು. ಕೋಹೆನ್ ಅವರ ಎಣಿಕೆಯ ವಿಧಾನದಲ್ಲಿ ಕೊರತೆಗಳಿರಬಹುದು. ಅವರು ಬಯಸಿದ ಮೈತ್ರಿಯು ಇನ್ನೂ ಕೂಡಿಬಾರದಿರಬಹುದು. ಆದರೆ ಸಮುದಾಯದ ಮಾನವನ್ನು ಕಾಯುವ ಹೆಸರಿನಲ್ಲಿ ಬಾಗಿಲ ಹೊರಗೆ ನಿಲ್ಲಿಸಿದವರನ್ನು ಎಣಿಸಿದ ಹೊರತು ಆ ಸಮುದಾಯದ ಸುಖದುಃಖಗಳ ಲೆಕ್ಕವು ಪೂರ್ಣವಾಗದೆಂಬ ಅವರ ಸಿದ್ಧಾಂತವು ಸುಲಭವಾಗಿ ಅಲುಗುವುದಲ್ಲ.